ಮೂರು ಕಡೆ ಟೈಪಾದ ಥೀಸಿಸ್ ಒಂದು ಹದಕ್ಕೆ ಬರುವುದು ಹೀಗೆ

ವಿಜಯಪುರದ ನಮ್ಮ ಡಿಟಿಪಿ ಟೇಬಲ್‌ಗೆ ಬರುವ ಥೀಸಿಸ್‌ಗಳು ಒಂದೇ ಕೈಯಲ್ಲಿ ಟೈಪಾಗಿರುವುದು ಕಡಿಮೆ. ಒಂದು ಅಧ್ಯಾಯ ಹಳೆಯ ನುಡಿ ಫಾಂಟಿನಲ್ಲಿ, ಇನ್ನೊಂದು ಯೂನಿಕೋಡ್ (ಕನ್ನಡ ಅಕ್ಷರಗಳಿಗೇ ಸ್ವಂತ ಸಂಕೇತವಿರುವ ಪದ್ಧತಿ) ಫಾಂಟಾದ ತುಂಗಾದಲ್ಲಿ, ಕೋಷ್ಟಕಗಳು ಎಕ್ಸೆಲ್‌ನಿಂದ ಅಂಟಿಸಿದವು. ಇಂಥ ವರ್ಡ್ ಫೈಲಿನಲ್ಲಿ ಕಂಟ್ರೋಲ್-ಎ ಒತ್ತಿ ಎಲ್ಲವನ್ನೂ ಆರಿಸಿ ಫಾಂಟ್ ಬದಲಿಸಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಹಳೆಯ ನುಡಿಯ ಒಳಗಿರುವುದು ಇಂಗ್ಲಿಷ್ ಸಂಕೇತ, ಮೇಲೆ ಕಾಣುವುದಷ್ಟೇ ಕನ್ನಡ. ಫಾಂಟ್ ಕಳಚಿದ ಮೇಲೆ ಯಾವುದು ಕನ್ನಡವಾಗಿತ್ತು, ಯಾವುದು ನಿಜವಾದ ಇಂಗ್ಲಿಷ್ ಎಂದು ಬೇರ್ಪಡಿಸಲು ಗುರುತೇ ಉಳಿಯುವುದಿಲ್ಲ.

ಹಾಗಾಗಿ ಒಂದು ಪ್ರತಿ ತೆಗೆದಿಟ್ಟು, ಫೈಂಡ್‌ನಲ್ಲಿ ಪದ ಬರೆಯದೆ ನುಡಿ ಫಾಂಟ್ ಮಾತ್ರ ಆರಿಸಿ, ಸಿಕ್ಕ ಭಾಗವನ್ನಷ್ಟೇ ಯೂನಿಕೋಡ್‌ಗೆ ಪರಿವರ್ತಿಸುತ್ತೇನೆ. ಅಡಿಟಿಪ್ಪಣಿಗಳನ್ನು ಬೇರೆಯಾಗಿ ಹುಡುಕಬೇಕು. ಮುಖ್ಯ ಮ್ಯಾಟರ್‌ನ ಹುಡುಕಾಟದಲ್ಲಿ ಅವು ಬರುವುದಿಲ್ಲ.

ಆಮೇಲೆ ಸ್ಟೈಲ್, ಅಂದರೆ ಫಾಂಟ್, ಅಳತೆ, ಅಂತರಗಳನ್ನು ಒಂದು ಹೆಸರಿನಡಿ ಕಟ್ಟಿಟ್ಟ ವಿನ್ಯಾಸ. ನಾರ್ಮಲ್, ಹೆಡಿಂಗ್ 1, ಹೆಡಿಂಗ್ 2 ಇಷ್ಟನ್ನು ಮೊದಲು ಸರಿಮಾಡಿಕೊಂಡರೆ ಸಾಕು. ಕನ್ನಡದ ಅಳತೆ ಬದಲಾಗುತ್ತಿಲ್ಲ ಎನ್ನುವವರು ಫಾಂಟ್ ಕಿಟಕಿಯಲ್ಲಿ ಲ್ಯಾಟಿನ್ ಸಾಲನ್ನೇ ತಿದ್ದುತ್ತಿರುತ್ತಾರೆ. ಕನ್ನಡ ಕೇಳುವುದು ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಸಾಲಿನ ಮಾತು. ಸಾಲಿನ ಅಂತರ 1.5 ಇಡಿ. 'ಎಕ್ಸಾಕ್ಟ್ಲಿ' ಎಂದು ಬಿಗಿಯಾಗಿ ಕೊಟ್ಟರೆ 'ರಾಷ್ಟ್ರ', 'ಸ್ತ್ರೀ'ಗಳ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ.

ಸ್ಟೈಲ್ ಹಚ್ಚಿದರೂ ಕೆಲವು ಪ್ಯಾರಾ ಜಗ್ಗುವುದಿಲ್ಲ, ಮೇಲೆ ಕೈಯಿಂದ ಹಾಕಿದ ಫಾಂಟ್ ಕೂತಿರುತ್ತದೆ. ಪ್ಯಾರಾದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಹಾಕಿದ್ದನ್ನು ವರ್ಡ್ ತಾನೇ ಅಳಿಸುತ್ತದೆ, ಕಡಿಮೆಯಿದ್ದರೆ ಬಿಡುತ್ತದೆ. ಉಳಿದಿದ್ದನ್ನು ಆರಿಸಿ ಕಂಟ್ರೋಲ್-ಸ್ಪೇಸ್ ಒತ್ತಿದರೆ ಕೈಯಿಂದ ಹಾಕಿದ್ದು ಹೋಗುತ್ತದೆ. ಅದು ಗ್ರಂಥದ ಹೆಸರುಗಳ ಇಟಾಲಿಕ್ಕನ್ನೂ ಒಯ್ಯುತ್ತದೆ. ಅದಕ್ಕೇ ಮೊದಲು ರಿಪ್ಲೇಸ್‌ನಲ್ಲಿ ಎಲ್ಲ ಇಟಾಲಿಕ್‌ಗೆ ಹಳದಿ ಹೈಲೈಟ್ ಹಾಕುತ್ತೇನೆ. ಕಂಟ್ರೋಲ್-ಸ್ಪೇಸ್ ಹೈಲೈಟನ್ನು ಮುಟ್ಟುವುದಿಲ್ಲ. ಕೊನೆಗೆ ಹಳದಿ ಹುಡುಕಿ ಇಟಾಲಿಕ್ ಮಾಡಿ ಬಣ್ಣ ತೆಗೆದರಾಯಿತು.

ಎಂಟರ್ ಒತ್ತೊತ್ತಿ ಮಾಡಿದ ಖಾಲಿ ಪ್ಯಾರಾಗಳಿಗೆ: ಫೈಂಡ್‌ನ 'ಸ್ಪೆಷಲ್' ಪಟ್ಟಿಯಿಂದ ಪ್ಯಾರಾಗ್ರಾಫ್ ಮಾರ್ಕ್ ಎರಡು ಸಲ, ರಿಪ್ಲೇಸ್‌ನಲ್ಲಿ ಒಂದು ಸಲ. ಹೆಚ್ಚೇನೂ ಬದಲಾಗದ ತನಕ ಮತ್ತೆ ಮತ್ತೆ ಓಡಿಸಿ. ಆದರೆ ಕಣ್ಣಿಗೆ ಕಾಣದ ಚಿಹ್ನೆಗಳನ್ನೆಲ್ಲ ಒಮ್ಮೆಗೇ ಗುಡಿಸುವ ಮ್ಯಾಕ್ರೋ ಬೇಡವೇ ಬೇಡ. 'ರ‍್ಯಾಂಕ್' ಒಳಗಿನ ಜೋಡಣೆ ಚಿಹ್ನೆ ಹೋದರೆ ಅದು 'ರ್ಯಾಂಕ್' ಆಗುತ್ತದೆ.

ಪುಟದ ವಿನ್ಯಾಸ ಬದಲಿಸಲು ನಡುವೆ ಹಾಕುವ ಸೆಕ್ಷನ್ ಬ್ರೇಕ್ ಅಳಿಸುವಾಗಲೂ ಎಚ್ಚರ. ಅಳಿಸಿದರೆ ಹಿಂದಿನ ಪುಟಗಳು ಮುಂದಿನ ಸೆಕ್ಷನ್ನಿನ ಹೆಡರ್, ಮಾರ್ಜಿನ್ ಪಡೆಯುತ್ತವೆ. ಅಡ್ಡ ಪುಟದ ಒಂದು ಕೋಷ್ಟಕದ ಮುಂಚಿನ ಬ್ರೇಕ್ ತೆಗೆದರೆ ಅದರ ಹಿಂದಿನ ಭಾಗವೆಲ್ಲ ಅಡ್ಡ ಮಲಗುತ್ತದೆ. ಮಾರ್ಜಿನ್ ಅಳತೆ ವಿಶ್ವವಿದ್ಯಾಲಯದ ಸೂಚನೆಯಂತೆ ಎಲ್ಲ ಸೆಕ್ಷನ್‌ಗೂ ಈಗ ಕೊಡಬಹುದು.

ಪರಿವಿಡಿ ಕೊನೆಗೆ. ಎಫ್9 ಒತ್ತಿ ಪೂರ್ತಿ ಅಪ್‌ಡೇಟ್ ಮಾಡಿದಾಗ ಇಡೀ ಪ್ಯಾರಾ ಒಂದು ಪರಿವಿಡಿಯಲ್ಲಿ ಬಂದು ಕೂತರೆ, ಅದಕ್ಕೆ ಹೆಡಿಂಗ್ ಸ್ಟೈಲ್ ಅಂಟಿದೆ ಎಂದರ್ಥ. ಶೀರ್ಷಿಕೆಯೇ ಕಾಣದಿದ್ದರೆ ಅದು ಬರೀ ಬೋಲ್ಡ್ ಮಾಡಿದ ನಾರ್ಮಲ್.