ದೀಪ ಆರಿದರೂ ಓವನ್ ಕಾದಿರುವುದಿಲ್ಲ

ಕೇಕಿನ ನಡುಭಾಗ ಕುಸಿದರೆ, ಬ್ರೆಡ್ಡಿನ ತಳ ಹಸಿಯಾಗಿಯೇ ಉಳಿದರೆ ಎಲ್ಲರೂ ಹಿಟ್ಟನ್ನೇ ದೂರುತ್ತಾರೆ. ಎಷ್ಟೋ ಸಲ ಕಾರಣ ಬೇರೆ: ಓವನ್ ಪೂರ್ತಿ ಕಾಯುವ ಮೊದಲೇ ಟ್ರೇ ಒಳಗೆ ಹೋಗಿರುತ್ತದೆ.

1. ಸ್ವಿಚ್ ಹಾಕುವ ಮೊದಲೇ ಜಾಲರಿಯನ್ನು ಬೇಕಾದ ಎತ್ತರದಲ್ಲಿ ಕೂರಿಸಿ. ಬೇಡದ ಟ್ರೇಗಳನ್ನು ಹೊರಗಿಡಿ. ಸ್ವಚ್ಛವಾಗಿರಲೆಂದು ಕೆಳಗಿನ ರಾಡಿನ ಮೇಲೆ ಅಲ್ಯೂಮಿನಿಯಂ ಫಾಯಿಲ್ ಹೊದಿಸುವ ಅಭ್ಯಾಸ ಬಿಟ್ಟುಬಿಡಿ. ಕಾವು ಮೇಲೇಳುವುದಿಲ್ಲ, ರಾಡೇ ಅತಿಯಾಗಿ ಕಾದು ಹಾಳಾಗುತ್ತದೆ.

2. ಮೇಲಿನ, ಕೆಳಗಿನ ಎರಡೂ ರಾಡ್ ಹಾಕಿ, ಉಷ್ಣತೆ ಹೊಂದಿಸಿ.

3. ಈಗ ಕಾಯಬೇಕು. ಬಹುತೇಕರು ಎಡವುವುದು ಇಲ್ಲೇ. ಬಿಸಿ ನೋಡಿ ರಾಡನ್ನು ಹೊತ್ತಿಸಿ ಆರಿಸುವ ಥರ್ಮೋಸ್ಟ್ಯಾಟ್ ತಾನಿರುವ ಮೂಲೆಯ ಗಾಳಿಯ ಬಿಸಿಯನ್ನಷ್ಟೇ ಅಳೆಯುತ್ತದೆ. ಅಲ್ಲಿ ನೀವು ಹೊಂದಿಸಿದ, ಉದಾಹರಣೆಗೆ 200 ಡಿಗ್ರಿ ಮುಟ್ಟಿದ ಕೂಡಲೇ, ರಾಡ್ ಕಾಯುತ್ತಿದೆ ಎಂದು ತೋರಿಸುವ ದೀಪ ಆರುತ್ತದೆ. ಗೋಡೆ, ಜಾಲರಿ, ಬಾಗಿಲಿನ ಗಾಜು ಇನ್ನೂ ಹಿಂದೆಯೇ ಇರುತ್ತವೆ. 30 ಲೀಟರ್ ಓವನ್ನಿನಲ್ಲಿ 200 ಡಿಗ್ರಿಗೆ ಕಾದ ಗಾಳಿಯ ತೂಕ ಸುಮಾರು 22 ಗ್ರಾಂ. ಅಷ್ಟೇ ಬಿಸಿಯಾದ ಒಂದು ಕಿಲೋ ಉಕ್ಕು ಅದರ 20 ಪಟ್ಟು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಗಿಲು ತೆರೆದಾಗ ಬಿಸಿ ಗಾಳಿ ಹೊರಗೆ ಹೋಗುತ್ತದೆ, ಕಾದ ಲೋಹ ಉಳಿಯುತ್ತದೆ. ಒಳಗೆ ಬಂದ ತಣ್ಣನೆಯ ಗಾಳಿಯನ್ನು ಮತ್ತೆ ಬಿಸಿ ಮಾಡುವುದು ಅದೇ.

ಹಾಗಾಗಿ ದೀಪ ಒಮ್ಮೆ ಆರಿದರೆ ಸಾಲದು. ಮತ್ತೆ ಹತ್ತಿ ಆರಲಿ, ಇನ್ನೊಮ್ಮೆ ಹತ್ತಿ ಆರಲಿ. ಚಿಕ್ಕ ಓವನ್ನಿಗೂ ಒಟ್ಟು 15–20 ನಿಮಿಷ ಬೇಕು. ಪಿಜ್ಜಾ ಕಲ್ಲು ಇಟ್ಟಿದ್ದರೆ 45 ನಿಮಿಷ ಕೊಡಿ. ಕಲ್ಲಿನ ಮೇಲ್ಮೈ ಬೇಗ ಬಿಸಿಯಾದರೂ ಒಡಲು ನಿಧಾನ. ವೋಲ್ಟೇಜ್ ಶೇ 10ರಷ್ಟು ಇಳಿದರೆ ರಾಡಿನ ಕಾವು ಸುಮಾರು ಶೇ 19ರಷ್ಟು ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಗಡಿಯಾರ ನಂಬಬೇಡಿ.

4. ಡಯಲ್ ಮೇಲಿನ ಅಂಕಿಯನ್ನೂ ನಂಬಬೇಡಿ. ಓವನ್ ಒಳಗಿಡುವ ಮುಳ್ಳಿನ ಥರ್ಮಾಮೀಟರ್ ಕೊಳ್ಳಲೇಬೇಕು. ಜಾಲರಿಯ ನಟ್ಟನಡುವೆ, ಗೋಡೆಗೆ ತಾಗದಂತೆ ಇಡಿ. ದೀಪ ಆರುವಾಗ, ಹತ್ತುವಾಗ ಮುಳ್ಳು ಎಲ್ಲಿದೆ ಎಂದು ಗಾಜಿನಿಂದಲೇ ನೋಡಿ ಬರೆದುಕೊಳ್ಳಿ. ಡಯಲ್ 180ರಲ್ಲಿದ್ದು ಮುಳ್ಳು 155ರಿಂದ 175ರ ನಡುವೆ ಆಡುತ್ತಿದ್ದರೆ ಸರಾಸರಿ 165. ಅಂದರೆ 15 ಡಿಗ್ರಿ ಹೆಚ್ಚಿಗೆ ಇಡಬೇಕು. ಗುರಿ ಹಿಡಿದು ಅಳೆಯುವ ಇನ್‌ಫ್ರಾರೆಡ್ ಸಾಧನ ಈ ಕೆಲಸಕ್ಕೆ ಬೇಡ. ಅದು ಗಾಳಿಯನ್ನು ಅಳೆಯುವುದಿಲ್ಲ. ಹೊಳೆಯುವ ಲೋಹದ ಮೇಲಂತೂ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ.

5. ಟ್ರೇ ಕೈಯಲ್ಲಿ ಸಿದ್ಧವಿಟ್ಟುಕೊಂಡೇ ಬಾಗಿಲು ತೆರೆಯಿರಿ, ಇಟ್ಟ ತಕ್ಷಣ ಮುಚ್ಚಿ. ಕಪ್ಪು ಟ್ರೇ ರಾಡಿನ ಕಾವನ್ನು ಹೆಚ್ಚು ಹೀರುವುದರಿಂದ ತಳ ಬೇಗ ಕಂದುತ್ತದೆ. ಅದಕ್ಕೆ 10–15 ಡಿಗ್ರಿ ಇಳಿಸಿ. ಫ್ಯಾನ್ ಹಾಕುವುದಾದರೆ ಪಾಕವಿಧಾನದ ಅಂಕಿಯಿಂದ 20 ಕಳೆಯಿರಿ. ಮುಕ್ಕಾಲು ಹೊತ್ತು ಮುಗಿಯುವವರೆಗೆ ಕೇಕಿನ ಬಾಗಿಲು ಮುಟ್ಟಬೇಡಿ.

6. ಬಿಸ್ಕತ್ತು, ಒಣಗಿಸುವ ಪದಾರ್ಥಗಳಿಗೆ ಕೊನೆಯ 5 ನಿಮಿಷ ಸ್ವಿಚ್ ಆರಿಸಿಯೇ ಬಿಡಬಹುದು, ಗೋಡೆಯ ಕಾವು ಸಾಕು. ಕೇಕಿಗೆ ಹೀಗೆ ಮಾಡಬೇಡಿ.