ಥೈರಾಯ್ಡ್ ಮಾತ್ರೆ ಒಳಗೆ ಹೋಗಿ ಏನು ಮಾಡುತ್ತದೆ? ಚಿತ್ರ ಬರೆದು ನೋಡೋಣ

ನಮ್ಮ ಚಿಕ್ಕಮ್ಮನಿಗೆ ಥೈರಾಯ್ಡ್ ಕಡಿಮೆ ಇದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹತ್ತು ದಿನ ನುಂಗಿದರು. ಸುಸ್ತು ಹೋಗಲಿಲ್ಲ. ಹನ್ನೊಂದನೇ ದಿನ ಮಾತ್ರೆ ಬಿಟ್ಟೇಬಿಟ್ಟರು. ‘ತಲೆನೋವಿನ ಮಾತ್ರೆ ಒಂದು ಗಂಟೆಯಲ್ಲಿ ಕೆಲಸ ಮಾಡುತ್ತೆ, ಇದಕ್ಕೇನು ಬಂತು?’ ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅಲ್ವಾ? ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಚಿತ್ರ ಬರೆದು ತೋರಿಸಿದೆ. ನೀವೂ ಒಂದು ಹಾಳೆ, ಪೆನ್ಸಿಲ್, ರಬ್ಬರ್ ತಗೊಳ್ಳಿ.

1. ನಾಲ್ಕು ಚುಕ್ಕಿ ಇಡಿ

ಎಡ ಅಂಚಿನಲ್ಲಿ ಚಿಕ್ಕ ಚೌಕ ಬರೆದು ಮೂಲೆಗೊಂದರಂತೆ ನಾಲ್ಕು ಚುಕ್ಕಿ ಇಡಿ. ಇದು ಥೈರಾಕ್ಸಿನ್ ಎಂಬ ಹಾರ್ಮೋನ್, ಅಂದರೆ ಟಿ4. ಚುಕ್ಕಿಗಳು ಅಯೋಡಿನ್ ಪರಮಾಣುಗಳು. ಕತ್ತಿನ ಗ್ರಂಥಿ ಹೆಚ್ಚಾಗಿ ತಯಾರಿಸುವುದು ಇದನ್ನೇ, ಮಾತ್ರೆಯಲ್ಲಿರುವುದೂ ಇದೇ. 50 ಮೈಕ್ರೋಗ್ರಾಂ ಮಾತ್ರೆ ಎಂದರೆ ಒಂದು ಗ್ರಾಂ ಔಷಧವನ್ನು ಇಪ್ಪತ್ತು ಸಾವಿರ ಪಾಲು ಮಾಡಿ ಅದರಲ್ಲಿ ಒಂದು ಪಾಲು. ಅಷ್ಟು ಚೂರಿನಲ್ಲಿ ಸ್ವಲ್ಪ ನಷ್ಟವಾದರೂ ಲೆಕ್ಕ ತಪ್ಪುತ್ತದೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ, ತಿಂಡಿ ಮುಟ್ಟಬೇಡಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಇರಲಿ.

2. ಪಕ್ಕದಲ್ಲಿ ರಕ್ತದ ಹೊಳೆ

ರಕ್ತಕ್ಕೆ ಸೇರಿದ ಟಿ4ನಲ್ಲಿ ಶೇಕಡಾ 99ಕ್ಕೂ ಜಾಸ್ತಿ ಪಾಲು ಪ್ರೋಟೀನ್‌ಗಳ ಬೆನ್ನೇರಿ ತಿರುಗುತ್ತಿರುತ್ತದೆ. ಹಾಗಾಗಿ ಬೇಗ ಖರ್ಚಾಗುವುದಿಲ್ಲ. ಇರುವುದು ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ದಿನದಿನದ ಮಾತ್ರೆ ಸೇರಿ ಸೇರಿ ಮಟ್ಟ ಒಂದು ಕಡೆ ನಿಲ್ಲಲು ಐದಾರು ವಾರ ಹಿಡಿಯುತ್ತದೆ. ಚಿಕ್ಕಮ್ಮನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

3. ಒಂದು ಚುಕ್ಕಿ ಅಳಿಸಿ

ಹೊಳೆಯ ಬಲಕ್ಕೆ ದೊಡ್ಡ ವೃತ್ತ ಬರೆಯಿರಿ, ಅದು ಜೀವಕೋಶ. ಅದರ ಗೋಡೆಗೊಂದು ಬಾಗಿಲು ಇಡಿ. ಹಾರ್ಮೋನ್ ಸುಮ್ನೆ ಒಸರಿ ಒಳಗೆ ಹೋಗುತ್ತದೆ ಎಂದೇ ಬಹಳ ಕಾಲ ನಂಬಿದ್ದರು. ಹಾಗಲ್ಲ, ಅದಕ್ಕೆಂದೇ ಬಾಗಿಲುಗಳಿವೆ. ಎಂಸಿಟಿ8 ಎಂಬ ಬಾಗಿಲು ಹುಟ್ಟಿನಿಂದಲೇ ಕೆಟ್ಟಿರುವ ಗಂಡುಮಕ್ಕಳಲ್ಲಿ ರಕ್ತದ ತುಂಬ ಟಿ3 (ಈ ಹಾರ್ಮೋನಿನ ಇನ್ನೊಂದು ರೂಪ, ಈಗಲೇ ನೋಡುತ್ತೇವೆ) ಇದ್ದರೂ ಮಿದುಳಿಗೆ ಹಾರ್ಮೋನ್ ಸಾಲುವುದಿಲ್ಲ.

ಈಗ ರಬ್ಬರ್ ಹಿಡಿದು ಒಂದು ಚುಕ್ಕಿ ಅಳಿಸಿ. ಒಂದು ಕಿಣ್ವ ನಿಜಕ್ಕೂ ಇದನ್ನೇ ಮಾಡುತ್ತದೆ. ಉಳಿದದ್ದು ಟಿ3. ಅಸಲಿ ಕೆಲಸಗಾರ ಇದೇ. 1952ರಲ್ಲಿ ಲಂಡನ್ನಿನಲ್ಲಿ ಜ್ಯಾಕ್ ಗ್ರಾಸ್ ಮತ್ತು ರೋಸಲಿಂಡ್ ಪಿಟ್-ರಿವರ್ಸ್ ಇದನ್ನು ಗುರುತಿಸಿದರು.

4. ಎರಡು ಅವರೆಕಾಳು

ಈ ಹಂತಕ್ಕೆ ನಿಧಾನವಾಗಿ ಬನ್ನಿ. ವೃತ್ತದೊಳಗೆ ಇನ್ನೊಂದು ವೃತ್ತ ಬರೆಯಿರಿ, ಅದು ನ್ಯೂಕ್ಲಿಯಸ್. ಅದರೊಳಗೆ ದಾರದುಂಡೆಯ ಹಾಗೆ ಬಿಗಿಯಾಗಿ ಸುತ್ತಿಕೊಂಡ ಡಿಎನ್‌ಎ. ದಾರದ ಮೇಲೆ ಒಂದು ಕಡೆ ಅಕ್ಕಪಕ್ಕ ಎರಡು ಅವರೆಕಾಳು ಕೂರಿಸಿ. ಒಂದು ಥೈರಾಯ್ಡ್ ರಿಸೆಪ್ಟರ್, ಅಂದರೆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್. ಇನ್ನೊಂದು ಅದರ ಜೊತೆಗಾರ ಆರ್‌ಎಕ್ಸ್‌ಆರ್. (ಪಠ್ಯಪುಸ್ತಕಗಳಲ್ಲಿ ‘ಗ್ರಾಹಕ’ ಎಂಬ ಪದವಿದೆ. ಅದನ್ನು ಕೇಳಿದರೆ ಅಂಗಡಿ ನೆನಪಾಗುತ್ತದೆ, ಅದಕ್ಕೇ ನಾನು ಬಳಸಲಿಲ್ಲ.)

ಕಾರ್ಟಿಸಾಲ್ ಹಾರ್ಮೋನಿನ ರಿಸೆಪ್ಟರ್ ನ್ಯೂಕ್ಲಿಯಸ್ಸಿನ ಹೊರಗೆ ಕಾದಿದ್ದು, ಹಾರ್ಮೋನ್ ಸಿಕ್ಕ ಮೇಲೆ ಒಳಗೆ ಬರುತ್ತದೆ. ಥೈರಾಯ್ಡಿನದು ಹಾಗಲ್ಲ. ಟಿ3 ಬರುವ ಮೊದಲೇ ಡಿಎನ್‌ಎ ಮೇಲೆ ಕೂತಿರುತ್ತದೆ. ಕೈಕಟ್ಟಿಯೂ ಕೂತಿರುವುದಿಲ್ಲ. ಬೇರೆ ಪ್ರೋಟೀನ್‌ಗಳನ್ನು ಹಿಡಿದುಕೊಂಡು ಅಲ್ಲಿನ ಜೀನ್‌ಗಳನ್ನು, ಅಂದರೆ ಪ್ರೋಟೀನ್ ತಯಾರಿಸಲು ಡಿಎನ್‌ಎಯಲ್ಲಿ ಬರೆದಿಟ್ಟ ಸೂಚನೆಗಳನ್ನು, ಮುಚ್ಚಿಡುತ್ತದೆ. ಅಂದರೆ ಹಾರ್ಮೋನ್ ಇಲ್ಲದಾಗ ಗಾಡಿಗೆ ಪೆಟ್ರೋಲ್ ಕಡಿಮೆಯಾಗಿದೆ ಎಂದಷ್ಟೇ ಅಲ್ಲ, ಬ್ರೇಕನ್ನೂ ಒತ್ತಿ ಹಿಡಿದಂತೆ. ಹುಟ್ಟಿನಿಂದ ಹಾರ್ಮೋನೇ ಇಲ್ಲದ ಇಲಿಗಳಿಗಿಂತ ರಿಸೆಪ್ಟರೇ ಇಲ್ಲದ ಇಲಿಗಳು ಎಷ್ಟೋ ವಾಸಿ ಇರುತ್ತವೆ. ನನಗಂತೂ ಈ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ ಸಂಗತಿ ಇದು.

ಟಿ3 ಬಂದು ಅವರೆಕಾಳಿನ ಹೊಟ್ಟೆಯಲ್ಲಿರುವ ಗೂಡಿಗೆ ಇಳಿಯುತ್ತದೆ. ರಿಸೆಪ್ಟರಿನ ತುದಿ ಮಡಚಿ, ಡಬ್ಬಿಯ ಮುಚ್ಚಳದಂತೆ ಮೇಲೆ ಕೂರುತ್ತದೆ. ಅಷ್ಟಕ್ಕೇ ಕಾಳಿನ ಹೊರಮೈ ಬದಲಾಗುತ್ತದೆ. ಜೀನ್ ಮುಚ್ಚಿಟ್ಟಿದ್ದ ಪ್ರೋಟೀನ್‌ಗಳು ಹಿಡಿತ ತಪ್ಪಿ ಜಾರುತ್ತವೆ. ಅದೇ ಜಾಗಕ್ಕೆ ಬೇರೆಯವು ಬಂದು ಸುತ್ತಿದ ದಾರವನ್ನು ಸಡಿಲ ಮಾಡುತ್ತವೆ. ಜೀನಿನ ಓದು ಶುರುವಾಗುತ್ತದೆ.

5. ಬಾಣ ಹಾಕಿ: ಆರ್‌ಎನ್‌ಎ, ಆಮೇಲೆ ಪ್ರೋಟೀನ್

ಮುಂಬೈಯಲ್ಲಿ ಹುಟ್ಟಿದ ವಿಜ್ಞಾನಿ ಜಮ್ಶೆಡ್ ಟಾಟಾ 1960ರ ದಶಕದಲ್ಲಿ ಲಂಡನ್ನಿನಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ಈ ಸರದಿ ತೋರಿಸಿದರು. ಹಾರ್ಮೋನ್ ಕೊಟ್ಟ ಮೇಲೆ ಮೊದಲು ಏರಿದ್ದು ನ್ಯೂಕ್ಲಿಯಸ್ಸಿನಲ್ಲಿ ಆರ್‌ಎನ್‌ಎ, ಅಂದರೆ ಜೀನಿನ ನಕಲು ಪ್ರತಿಯ ತಯಾರಿ. ಆಮೇಲೆ ಪ್ರೋಟೀನ್. ದೇಹದ ಚುರುಕು ಏರಿದ್ದು ಅದಕ್ಕೂ ತಡವಾಗಿ. ಚಿಕ್ಕಮ್ಮನ ಪ್ರಶ್ನೆಗೆ ಉಳಿದರ್ಧ ಉತ್ತರ ಇದು. ರಿಸೆಪ್ಟರಿನ ಜೀನ್ ಯಾವುದೆಂದು ಗೊತ್ತಾಗಿದ್ದು 1986ರಲ್ಲಿ, ಎರಡು ತಂಡಗಳಿಂದ ಒಟ್ಟಿಗೇ.

ಈ ರಿಸೆಪ್ಟರಿನಲ್ಲಿ ಆಲ್ಫಾ, ಬೀಟಾ ಎಂದು ಎರಡು ಬಗೆ. ಹೃದಯದಲ್ಲಿ ಹೆಚ್ಚಾಗಿರುವುದು ಆಲ್ಫಾ. ಬಡಿತದ ವೇಗ ಅದರ ಕೈಯಲ್ಲಿದೆ. ಲಿವರ್‌ನಲ್ಲಿರುವುದು ಬೀಟಾ. ರಕ್ತದ ಕೆಟ್ಟ ಕೊಲೆಸ್ಟ್ರಾಲನ್ನು ಒಳಗೆಳೆದುಕೊಳ್ಳುವ ಪ್ರೋಟೀನನ್ನು ಅದು ಹೆಚ್ಚಿಸುತ್ತದೆ. ಥೈರಾಯ್ಡ್ ಕಡಿಮೆಯಾದಾಗ ಕೊಲೆಸ್ಟ್ರಾಲ್ ಏರುವುದು ಹೀಗೆ. ಮಿದುಳಿನ ಬುಡದ ಪಿಟ್ಯುಟರಿಯಲ್ಲಿ ಮಾತ್ರ ಕೆಲಸ ತಿರುವುಮುರುವು. ಆ ಗ್ರಂಥಿ ಟಿಎಸ್‌ಎಚ್ ಎಂಬ ಹಾರ್ಮೋನ್ ಕಳಿಸಿ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎನ್ನುತ್ತದೆ. ಅಲ್ಲಿ ಟಿ3 ಬಂದರೆ ಟಿಎಸ್‌ಎಚ್ ಜೀನಿನ ಓದು ತಗ್ಗುತ್ತದೆ. ರಿಪೋರ್ಟ್‌ನಲ್ಲಿ ಟಿಎಸ್‌ಎಚ್ ಜಾಸ್ತಿ ಎಂದು ಬಂದರೆ ಸಾಮಾನ್ಯವಾಗಿ ಹಾರ್ಮೋನ್ ಕಡಿಮೆ ಎಂದರ್ಥ.

ಈ ಮಾತ್ರೆ ನುಂಗುತ್ತಿರುವವರು ಗರ್ಭ ನಿಂತಿದೆ ಎಂದು ಗೊತ್ತಾದ ದಿನವೇ ಡಾಕ್ಟರಿಗೆ ಹೇಳಿ. ಮೊದಲ ತಿಂಗಳುಗಳಲ್ಲಿ ಮಗುವಿನ ಮಿದುಳಿಗೆ ತಾಯಿಯ ಹಾರ್ಮೋನೇ ಗತಿ, ಡೋಸ್ ಏರಿಸಬೇಕಾಗಬಹುದು. ನೀವಾಗಿಯೇ ಏರಿಸುವುದು, ಇಳಿಸುವುದು ಬೇಡ.

ಕೊನೆಗೆ ಹಾಳೆಯ ಮೂಲೆಯಲ್ಲಿ ಎರಡು ತಾರೀಖು ಬರೆಯಿರಿ. ಮಾತ್ರೆ ಶುರುವಾದ ದಿನ ಒಂದು. ಅಲ್ಲಿಂದ ಆರರಿಂದ ಎಂಟು ವಾರಕ್ಕೆ ರಕ್ತಪರೀಕ್ಷೆಯ ದಿನ ಇನ್ನೊಂದು. ಚಿಕ್ಕಮ್ಮ ಆ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದಾರೆ.