ಕಾಂಟ್ರಾಕ್ಟರ್ ಬಿಲ್ಲಿನ ಜಗಳ ಹೀಗೆ ಮುಗಿಯಿತು

ಕಟ್ಟಡದ ಕೆಲಸ ಕಾಂಟ್ರಾಕ್ಟರ್‌ಗೆ ಕೊಡುವಾಗ ಆನ್‌ಲೈನ್‌ನಲ್ಲಿ ಸಿಕ್ಕ ಕರಾರಿನ ಫಾರ್ಮ್ ಒಂದನ್ನು ಸುಮ್ನೆ ತುಂಬಿಸಿ ಸಹಿ ಹಾಕಿದ್ದೆ. ಎಡವಿದ್ದೇ ಅಲ್ಲಿ. ಹಣ ಕೊಡುವ ಜಾಗದಲ್ಲಿ ‘ಕೆಲಸದ ಪ್ರಗತಿಗೆ ತಕ್ಕಂತೆ’ ಅಂತಷ್ಟೇ ಇತ್ತು. ಕಾಂಟ್ರಾಕ್ಟರ್ ಲೆಕ್ಕದಲ್ಲಿ ಇಟ್ಟಿಗೆ ಬಂದು ಬಿದ್ದರೂ ಪ್ರಗತಿ, ನನ್ನ ಲೆಕ್ಕದಲ್ಲಿ ಗೋಡೆ ಎದ್ದರೆ ಮಾತ್ರ. ಜಗಳ ಆಗದೇ ಇರುತ್ತಾ?

ಕೊನೆಗೆ ಇಬ್ಬರೂ ಕೂತು ಇನ್ನೊಂದು ಪುಟ ಸೇರಿಸಿದೆವು. ಪಾಯ, ಗೋಡೆ, ತಾರಸಿ, ಪ್ಲಾಸ್ಟರಿಂಗ್ ಅಂತ ಒಂದೊಂದು ಹಂತ ಮುಗಿದು ಅಳತೆ ನೋಡಿದ ಮೇಲೆ ಇಂತಿಷ್ಟು ಪರ್ಸೆಂಟ್, ಅದೂ ಬಿಲ್ ಕೊಟ್ಟ 7 ದಿನದೊಳಗೆ. ಕೊಟ್ಟ ಅಡ್ವಾನ್ಸನ್ನು ಪ್ರತಿ ಬಿಲ್ಲಿನಲ್ಲೂ ಸ್ವಲ್ಪ ಸ್ವಲ್ಪ ಮುರಿದುಕೊಳ್ಳುವುದು. ಜೊತೆಗೆ 5% ತಡೆಹಿಡಿದು, ಬಿರುಕು ಸೋರಿಕೆ ಸರಿಪಡಿಸುವ ಅವಧಿ ಮುಗಿದ ಮೇಲೆ ವಾಪಸ್ ಕೊಡುವುದು. ಇದನ್ನೇ ರಿಟೆನ್ಶನ್ ಅನ್ನೋದಂತೆ, ನಾನು ದಂಡ ಅಂದುಕೊಂಡಿದ್ದೆ! ಹೆಚ್ಚುವರಿ ಕೆಲಸಕ್ಕೆ ಮೊದಲು ದರ ಬರೆದು ಸಹಿ, ಆಮೇಲೆ ಕೆಲಸ.

ಮುಂದಿನ ಬಿಲ್ಲಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ.